ಡೋಸಿನ ಲೆಕ್ಕಕ್ಕೆ ಸಿಗದವರು

ನರವೈದ್ಯ ಆಲಿವರ್ ಸ್ಯಾಕ್ಸ್ ಬರೆದ ‘ಅವೇಕನಿಂಗ್ಸ್’ (1973) ಎಂದೊಡನೆ ಹಲವರಿಗೆ ನೆನಪಾಗುವುದು ರಾಬರ್ಟ್ ಡಿ ನೀರೋ ನಟಿಸಿದ 1990ರ ಸಿನಿಮಾ. ಸಿನಿಮಾ ಕಣ್ಣು ಒದ್ದೆ ಮಾಡುತ್ತದೆ, ಪುಸ್ತಕ ತಲೆ ಕೆಡಿಸುತ್ತದೆ. ನನಗೆ ಪುಸ್ತಕವೇ ಮೇಲು.

ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಹಬ್ಬಿದ ಒಂದು ಬಗೆಯ ಮಿದುಳುಜ್ವರದಿಂದ ಬದುಕುಳಿದ ಕೆಲವರು ದಶಕಗಟ್ಟಲೆ ಮಾತು, ಚಲನೆ ಕಳೆದುಕೊಂಡು ಕುಳಿತಿದ್ದರು. ಅಂಥವರಿಗೆ ಸ್ಯಾಕ್ಸ್ 1969ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಆಸ್ಪತ್ರೆಯೊಂದರಲ್ಲಿ ಎಲ್-ಡೋಪಾ ಕೊಡಲು ಶುರುಮಾಡಿದರು. ಮಿದುಳಿನಲ್ಲಿ ಡೋಪಮೈನ್ ಆಗುವ ಈ ವಸ್ತು ನಮ್ಮ ನಸುಗುನ್ನಿ ಬೀಜದಲ್ಲೂ ಇದೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ ಅದಕ್ಕೂ ಮೊದಲೇ, 1950ರ ದಶಕದಲ್ಲಿ, ರೆಸರ್ಪಿನ್ ಕೊಟ್ಟು ಜಡವಾಗಿಸಿದ ಮೊಲಗಳನ್ನು ಡೋಪಾದಿಂದ ಮತ್ತೆ ಓಡಾಡಿಸಿದ್ದರು. (ರೆಸರ್ಪಿನ್ ಸಿಕ್ಕಿದ್ದು ಸರ್ಪಗಂಧದ ಬೇರಿನಿಂದ.) ಕೊರತೆ ತುಂಬಿಸು, ಚಲನೆ ಬರುತ್ತದೆ: ಮೊಲದ ಮಟ್ಟಿಗೆ ಈ ಲೆಕ್ಕ ಸರಿ.

ಮನುಷ್ಯರಲ್ಲಿ ಅದು ಕೈಕೊಟ್ಟ ಬಗೆಯನ್ನು ಸ್ಯಾಕ್ಸ್ ಬಿಡದೆ ದಾಖಲಿಸುತ್ತಾರೆ. ಅಕ್ಷರದ ಹಲಗೆಯ ಮೇಲೆ ಬೆರಳಾಡಿಸಿ ಸಂಭಾಷಿಸುತ್ತಿದ್ದ ಲಿಯೊನಾರ್ಡ್ ಎಂಬ ರೋಗಿ ಎದ್ದು ನಡೆದಾಡುತ್ತಾನೆ, ಕೆಲವೇ ವಾರಗಳಲ್ಲಿ ಆತ್ಮಕಥೆಯನ್ನೇ ಟೈಪ್ ಮಾಡಿ ಮುಗಿಸುತ್ತಾನೆ. ಆಮೇಲೆ ಆ ಹುರುಪೇ ಉನ್ಮಾದವಾಗಿ, ತಡೆಯಲಾಗದ ಸೆಳೆತಗಳಾಗಿ ಅವನನ್ನು ಹಣ್ಣುಮಾಡುತ್ತದೆ. 1926ರಲ್ಲಿ ಕಾಯಿಲೆ ಬಿದ್ದ ರೋಸ್ ಅರವತ್ತು ದಾಟಿದ ಮೇಲೆ ಎಚ್ಚರಾಗಿ ಆ ಕಾಲದ ಹಾಡು, ಜನರ ಬಗ್ಗೆ ನಿನ್ನೆ ಮೊನ್ನೆಯ ಸುದ್ದಿಯೆಂಬಂತೆ ಮಾತಾಡುತ್ತಾಳೆ. ಈಗ 1969 ಎನ್ನುವುದು ಅವಳಿಗೆ ಗೊತ್ತು, ಒಗ್ಗುವುದಿಲ್ಲ ಅಷ್ಟೆ. ಕೆಲ ವಾರಗಳಲ್ಲಿ ಮತ್ತೆ ಬಿಗಿದುಕೊಳ್ಳುತ್ತಾಳೆ. ಡೋಸ್ ಏರಿಳಿಸಿದರೂ ಮೊದಲಿನ ಎಚ್ಚರ ಮರಳುವುದಿಲ್ಲ.

ಕಳೆದುಹೋದ ಕಾಲವನ್ನು ತಾಳಲಾರದೆ ಆಕೆ ಹಿಂದಕ್ಕೆ ಸರಿದಳೇನೋ ಎಂಬ ಸ್ಯಾಕ್ಸ್ ಅವರ ಊಹೆ ಮನಸೆಳೆಯುತ್ತದೆ. ನನ್ನ ತಕರಾರು ಇರುವುದೂ ಅಲ್ಲೇ. ಹಾಳಾದ ನರಕೋಶಗಳು ಔಷಧಿಗೆ ಅತಿಯಾಗಿ ಕೆರಳಿದ್ದರಿಂದಲೂ ಹಾಗಾಗಿರಬಹುದಲ್ಲ? ಎರಡರಲ್ಲಿ ಯಾವುದೆಂದು ಬೇರ್ಪಡಿಸುವ ದಾರಿ ಪುಸ್ತಕದಲ್ಲಿಲ್ಲ. ಹುಸಿ ಮಾತ್ರೆಯೊಂದಿಗೆ ಹೋಲಿಸುವ ಪ್ರಯೋಗವನ್ನು ಮೊದಲು ಯೋಜಿಸಿದ್ದ ವೈದ್ಯರು, ರೋಗಿಗಳು ಏಳುವುದನ್ನು ಕಂಡ ಮೇಲೆ ಅದನ್ನು ಕೈಬಿಟ್ಟರು. ವೈದ್ಯರಾಗಿ ಸರಿಯೇ, ಆದರೆ ಸಾಕ್ಷ್ಯ ಸೊರಗಿತು. ಇನ್ನೊಂದು: ಇಲ್ಲಿನ ರೋಗಿಗಳು ಬಾಯಿಬಿಟ್ಟರೆ ಬಹುಪಾಲು ಸ್ಯಾಕ್ಸ್ ಅವರ ಗದ್ಯದಲ್ಲೇ ಮಾತಾಡುತ್ತಾರೆ.

ಆದರೂ, ವಾರ್ಡಿನ ವಾತಾವರಣ, ಬಂದುಹೋಗುವವರ ಒಡನಾಟ, ಆಡಳಿತದ ಬಿಗಿ ಇವೂ ಔಷಧಿಯ ಪರಿಣಾಮವನ್ನು ಏರುಪೇರು ಮಾಡುತ್ತವೆ ಎಂದು ಅವರು ತೋರಿಸುವ ಪುಟಗಳು ಇವತ್ತಿಗೂ ಹಳತಾಗಿಲ್ಲ. ಓದುವುದಾದರೆ ನಂತರದ ಆವೃತ್ತಿಯನ್ನೇ ಹುಡುಕಿ. ರೋಗಿಗಳ ಮುಂದಿನ ಬದುಕಿನ ವಿವರ ಅದರಲ್ಲಿದೆ. ಅಡಿಟಿಪ್ಪಣಿಗಳನ್ನು ಮಾತ್ರ ಹಾರಿಸಬೇಡಿ, ಅರ್ಧ ಪುಸ್ತಕ ಅಲ್ಲೇ ಇದೆ.