ಬಾಸ್ಟನ್ನಿನ ಹೋಟೆಲ್ ಕೋಣೆ

ಆರ್ಥರ್ ಮಿಲ್ಲರ್‌ನ 'ಡೆತ್ ಆಫ್ ಎ ಸೇಲ್ಸ್‌ಮನ್' (1949) ನಾಟಕವನ್ನು ನಮ್ಮ ತರಗತಿಗಳಲ್ಲಿ ಬಂಡವಾಳಶಾಹಿ ವ್ಯವಸ್ಥೆ ಒಬ್ಬ ಮನುಷ್ಯನನ್ನು ಹಿಂಡಿ ಬಿಸಾಡಿದ ಕತೆಯಾಗಿ ಓದಿಸುವುದೇ ಹೆಚ್ಚು. ಆ ಓದು ಸುಳ್ಳಲ್ಲ. ಆದರೆ ವಿಲ್ಲಿ ಲೋಮನ್‌ನ ಹಿರಿಯ ಮಗ ಬಿಫ್ 34 ವರ್ಷವಾದರೂ ಎಲ್ಲೂ ನೆಲೆ ನಿಲ್ಲದೆ ಅಲೆಯುತ್ತಿರುವುದಕ್ಕೆ ಕಾರಣವನ್ನು ಮಾರುಕಟ್ಟೆಯಲ್ಲಷ್ಟೇ ಹುಡುಕಿದರೆ ಸಿಗುವುದಿಲ್ಲ. ಬಾಸ್ಟನ್ನಿನ ಹೋಟೆಲ್ ಕೋಣೆಯೊಂದಕ್ಕೂ ಹೋಗಬೇಕಾಗುತ್ತದೆ.

ಗಣಿತದಲ್ಲಿ ಫೇಲಾದ ಹುಡುಗ, ಮೇಷ್ಟ್ರ ಹತ್ತಿರ ಅಪ್ಪ ಒಂದು ಮಾತಾಡಿದರೆ ಎಲ್ಲ ಸರಿಹೋಗುತ್ತದೆಂದು ನಂಬಿ ಅಲ್ಲಿಗೆ ಓಡಿಬರುತ್ತಾನೆ. ಕೋಣೆಯಲ್ಲಿ ಬೇರೊಬ್ಬ ಹೆಂಗಸು. ಕೊಡುತ್ತೇನೆಂದಿದ್ದ ಕಾಲುಚೀಲಗಳನ್ನು ಕೇಳಿ ಪಡೆದೇ ಅವಳು ಹೊರಡುತ್ತಾಳೆ. ಬಿಫ್‌ನನ್ನು ಮುರಿಯುವುದು ಆ ಹೆಂಗಸಿಗಿಂತ ಹೆಚ್ಚಾಗಿ ಈ ಕಾಲುಚೀಲ, ಏಕೆಂದರೆ ಅದು ಅಮ್ಮನದು ಎಂದೇ ಅವನಿಗೆ ಅನಿಸುತ್ತದೆ. ಇತ್ತ ಮನೆಯಲ್ಲಿ ಲಿಂಡಾ ತನ್ನ ಹರಿದ ಕಾಲುಚೀಲಗಳಿಗೆ ಹೊಲಿಗೆ ಹಾಕುತ್ತ ಕೂತಿರುತ್ತಾಳೆ. ಅದನ್ನು ಕಂಡರೆ ವಿಲ್ಲಿಗೆ ಸಿಟ್ಟು. ಯಾಕೆಂದು ಅವಳಿಗೆ ತಿಳಿಯದು.

ಊರಿಗೆ ಮರಳಿದ ಬಿಫ್, ವರ್ಜೀನಿಯಾ ವಿಶ್ವವಿದ್ಯಾಲಯದ ಹೆಸರು ಬರೆದುಕೊಂಡಿದ್ದ ಶೂಗಳನ್ನು ಬೆಂಕಿಗೆ ಹಾಕುತ್ತಾನೆ. ಬೇಸಿಗೆ ತರಗತಿಗೆ ಹೋಗಿ ಪಾಸಾಗಬಹುದಿತ್ತು, ಹೋಗುವುದಿಲ್ಲ.

ನನಗೆ ಮುಖ್ಯವೆನಿಸುವುದು ಇದರಾಚೆಗಿನ ಸಂಗತಿ. ಕಂಡದ್ದನ್ನು ಬಿಫ್ ಅಮ್ಮನಿಗೆ ಹೇಳುವಂತಿಲ್ಲ. ಹೇಳಿದರೆ ಅವಳು ಉಳಿಯುವುದಿಲ್ಲ, ಹೇಳದಿದ್ದರೆ ತಾನೂ ಆ ಸುಳ್ಳಿನ ಪಾಲುದಾರ. ಅಪ್ಪನನ್ನು ಗೌರವಿಸುವುದಿಲ್ಲವೆಂದು ಅವಳು ಬೈದಾಗ, ಆತ ನಕಲಿ ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ. ಕಿರಿಯ ಮಗ ಹ್ಯಾಪಿ ಬಾಸ್ಟನ್ನಿಗೆ ಹೋದವನಲ್ಲ. ಆದರೂ ಮೇಲಧಿಕಾರಿಗಳು ಮದುವೆಯಾಗಲಿರುವ ಹುಡುಗಿಯರನ್ನು ಹಾಳುಮಾಡಿ ಅವರ ಮದುವೆಗೂ ಹೋಗಿಬರುವ ಭೂಪ ಅವನು!

ಇಬ್ಸೆನ್ನನ 'ಘೋಸ್ಟ್ಸ್' (1881) ನಾಟಕದಲ್ಲಿ ಗುಟ್ಟು ಕಾಯುವವಳು ತಾಯಿ. ಗಂಡನ ನಡತೆಯ ನೆರಳು ಬೀಳದಿರಲೆಂದು ಮಗ ಆಸ್ವಾಲ್ಡ್‌ನನ್ನು ಚಿಕ್ಕಂದಿನಲ್ಲೇ ದೂರ ಕಳಿಸುತ್ತಾಳೆ. ಅವನು ಮರಳಿ ಬರುವುದು ಅಪ್ಪನ ರೋಗವನ್ನು ಹೊತ್ತುಕೊಂಡು. ಗಿರೀಶ ಕಾರ್ನಾಡರ 'ಯಯಾತಿ'ಯಲ್ಲಿ (1961) ಗುಟ್ಟೇನೂ ಇಲ್ಲ. ತಂದೆ ಮಗನ ಯೌವನವನ್ನು ರಾಜಾರೋಷವಾಗಿ ಪಡೆಯುತ್ತಾನೆ. ಮಹಾಭಾರತ ಪೂರುವಿನ ತ್ಯಾಗವನ್ನು ಕೊಂಡಾಡಿತು. ಆ ತ್ಯಾಗದ ರಾತ್ರಿ ಅವನ ಹೆಂಡತಿ ಏನಾದಳೆಂದು ಕೇಳಿದವರು ಕಾರ್ನಾಡರು. ಅವರ ಚಿತ್ರಲೇಖೆ ವಿಷ ಕುಡಿಯುತ್ತಾಳೆ. ಯಯಾತಿಗೆ ಕಣ್ಣು ತೆರೆಯುವುದು ಆಮೇಲೆ.

ವಿಲ್ಲಿಗೆ ಅಷ್ಟೂ ಇಲ್ಲ. ವಿಮೆಯ ಹಣ ಬಿಫ್‌ಗೆ ಸಿಗಲೆಂದು ಕಾರು ಗುದ್ದಿಸಿಕೊಂಡು ಸಾಯುತ್ತಾನೆ. ಮನೆಯ ಸಾಲದ ಕೊನೆಯ ಕಂತು ಕಟ್ಟಿಬಂದ ಲಿಂಡಾ ಸಮಾಧಿಯ ಮುಂದೆ ಕೂತು, ಹೀಗೇಕೆ ಮಾಡಿಕೊಂಡೆ ಎಂದು ಗಂಡನನ್ನು ಕೇಳುತ್ತಾಳೆ. ಉತ್ತರದ ಒಂದು ತುಣುಕು ಗೊತ್ತಿರುವ ಬಿಫ್ ಆಗಲೂ ಬಾಯಿ ಬಿಡದೆ ಅವಳನ್ನು ಹಿಡಿದೆಬ್ಬಿಸುತ್ತಾನೆ.