ಬೇರುನಾಳ ಸೀಲರ್‌ಗಳ ಬಂಧಬಲ: ಅಳತೆಯ ಕುರಿತು ಒಂದು ವಿಮರ್ಶೆ

ಬೇರುನಾಳ ಚಿಕಿತ್ಸೆಯಲ್ಲಿ ನಾಳವನ್ನು ತುಂಬುವ ಗಟ್ಟಾಪರ್ಚಾ ಹಲ್ಲಿನ ಡೆಂಟಿನ್‌ಗೆ ತಾನಾಗಿ ಅಂಟಿಕೊಳ್ಳುವುದಿಲ್ಲ. ಅವೆರಡರ ನಡುವಣ ಸಂದನ್ನು ಮುಚ್ಚುವ ಹೊಣೆ ಸೀಲರ್‌ನದು. ಈ ತೆಳುಪದರವು ಡೆಂಟಿನ್‌ಗೆ ಎಷ್ಟು ಬಲವಾಗಿ ಅಂಟುತ್ತದೆಂಬ ಪ್ರಶ್ನೆಯ ಸುತ್ತ ವಿಪುಲವಾದ ಸಂಶೋಧನಾ ಸಾಹಿತ್ಯ ಬೆಳೆದಿದೆ. ಗಾತ್ರಕ್ಕೆ ತಕ್ಕ ತೂಕ ಅದಕ್ಕಿದೆಯೇ ಎಂಬುದು ಇಲ್ಲಿನ ಜಿಜ್ಞಾಸೆ.

ಬಹಳಷ್ಟು ಪ್ರಬಂಧಗಳು ನೆಚ್ಚಿರುವುದು ‘ಪುಶ್-ಔಟ್’ ಪರೀಕ್ಷೆಯನ್ನು. ಕಿತ್ತ ಹಲ್ಲಿನ ಬೇರನ್ನು ಸುಮಾರು 1 ಮಿ.ಮೀ. ದಪ್ಪದ ಬಿಲ್ಲೆಗಳಾಗಿ ಕೊಯ್ದು, ಒಳಗಿನ ತುಂಬುವಸ್ತುವನ್ನು ಲೋಹದ ಕಡ್ಡಿಯಿಂದ ಹೊರದೂಡಿ, ಅದಕ್ಕೆ ಬೇಕಾದ ಗರಿಷ್ಠ ಬಲವನ್ನು ಅಂಟಿದ ಮೇಲ್ಮೈಯ ವಿಸ್ತೀರ್ಣದಿಂದ ಭಾಗಿಸಿ ಮೆಗಾಪಾಸ್ಕಲ್‌ಗಳಲ್ಲಿ ಹೇಳುವುದು ಇದರ ಕ್ರಮ. ನೋಡಲು ಸರಳ. ಆದರೆ ಗಟ್ಟಾಪರ್ಚಾ ಮೆದುವಾದ ವಸ್ತು. ಕಡ್ಡಿ ಒತ್ತಿದಾಗ ಅದು ಉಬ್ಬಿ ನಾಳದ ಗೋಡೆಯನ್ನು ಅಮುಕುತ್ತದೆ. ಹಾಗಾದರೆ ಅಳೆದ ಬಲದಲ್ಲಿ ಅಂಟಿನ ಪಾಲೆಷ್ಟು, ಘರ್ಷಣೆಯ ಪಾಲೆಷ್ಟು? ಕಡ್ಡಿಯ ವ್ಯಾಸ, ಬಿಲ್ಲೆಯ ದಪ್ಪ, ನಾಳವನ್ನು ತೊಳೆದ ದ್ರಾವಣ ಇವೆಲ್ಲ ಪ್ರಯೋಗದಿಂದ ಪ್ರಯೋಗಕ್ಕೆ ಬದಲಾಗುತ್ತವೆ. ಹೀಗಿದ್ದೂ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಜೋಡಿಸುವುದು ಬೇರೆ ಬೇರೆ ಬಳ್ಳಗಳಲ್ಲಿ ಅಳೆದ ಕಾಳನ್ನು ಹೋಲಿಸಿದಂತೆ.

ಎಪಾಕ್ಸಿ ರಾಳದ ಎಎಚ್ ಪ್ಲಸ್ ಸತು ಆಕ್ಸೈಡ್-ಯೂಜಿನಾಲ್ ಸೀಲರ್‌ಗಳಿಗಿಂತ ಗಟ್ಟಿಯಾಗಿ ಅಂಟುತ್ತದೆಂಬುದರಲ್ಲಿ ಹೆಚ್ಚಿನ ವಿವಾದವಿಲ್ಲ. ವಿವಾದವೆದ್ದದ್ದು ರೆಸಿಲಾನ್ ಪ್ರಸಂಗದಲ್ಲಿ. 2004ರ ಸುಮಾರಿಗೆ ಬಂದ ಈ ಪಾಲಿಎಸ್ಟರ್ ವಸ್ತು, ಮೆಥಾಕ್ರಿಲೇಟ್ ಸೀಲರ್ ಹಾಗೂ ಡೆಂಟಿನ್ ಸೇರಿ ‘ಮಾನೋಬ್ಲಾಕ್’ ಎಂಬ ಒಂದೇ ಅಖಂಡ ಘಟಕವಾಗುತ್ತವೆ, ಬೇರು ಬಲಗೊಳ್ಳುತ್ತದೆ ಎಂದು ಸಾರಲಾಯಿತು. ಕಿರಿದಾದ ನಾಳದಲ್ಲಿ ಅಂಟಿದ ಮೇಲ್ಮೈಯೇ ಹೆಚ್ಚು, ಬಿಡುವಾದ ಮೇಲ್ಮೈ ಅತ್ಯಲ್ಪ. ಆದ್ದರಿಂದ ಗಟ್ಟಿಯಾಗುವಾಗ ಕುಗ್ಗುವ ರಾಳ ಗೋಡೆಯಿಂದ ಕಿತ್ತುಬರುವುದು ಸಹಜ. ತೊಳೆಯಲು ಬಳಸಿದ ಸೋಡಿಯಂ ಹೈಪೊಕ್ಲೋರೈಟ್ ಉಳಿಸುವ ಆಮ್ಲಜನಕವೂ ಅಂಥ ರಾಳದ ಪಾಲಿಮರೀಕರಣಕ್ಕೆ ಅಡ್ಡಿ. 2005ರಲ್ಲಿ ಪ್ರಕಟವಾದ ಪುಶ್-ಔಟ್ ಅಧ್ಯಯನವೊಂದರಲ್ಲಿ ರೆಸಿಲಾನ್‌ನ ಬಂಧಬಲ ಗಟ್ಟಾಪರ್ಚಾಕ್ಕಿಂತ ಕಡಿಮೆ ಕಂಡಿತು. 2007ರಲ್ಲಿ ಟೇ ಮತ್ತು ಪ್ಯಾಶ್ಲಿ ಅವರು ಮಾನೋಬ್ಲಾಕ್ ಪರಿಕಲ್ಪನೆಯನ್ನೇ ಪ್ರಶ್ನಿಸಿದರು. ಕಿಣ್ವಗಳಿಂದ ಸವೆಯಬಲ್ಲ ಆ ವಸ್ತು ಮುಂದೆ ಮಾರುಕಟ್ಟೆಯಿಂದ ಮರೆಯಾಯಿತು. ದೋಷಪೂರ್ಣವೆಂದು ಮೇಲೆ ಆಕ್ಷೇಪಿಸಿದ ಪರೀಕ್ಷೆಯೇ ಇಲ್ಲಿ ಎಚ್ಚರಿಕೆ ನೀಡಿತೆಂಬುದನ್ನು ಒಪ್ಪಲೇಬೇಕು. ಒಂದೇ ಪ್ರಯೋಗಾಲಯದಲ್ಲಿ, ಒಂದೇ ಕ್ರಮದಲ್ಲಿ ಎರಡು ವಸ್ತುಗಳನ್ನು ಎದುರುಬದುರಾಗಿಟ್ಟಾಗ ಅದಕ್ಕೆ ಬೆಲೆಯುಂಟು. ಬಿಡಿ ಅಂಕಿಗೆ ಇಲ್ಲ.

ತೇವವನ್ನು ಹೀರಿ ಗಟ್ಟಿಯಾಗುವ ಇತ್ತೀಚಿನ ಕ್ಯಾಲ್ಸಿಯಂ ಸಿಲಿಕೇಟ್ ಸೀಲರ್‌ಗಳ ಕುರಿತೂ ಇದೇ ಗೊಂದಲ. ಹಲವು ಪ್ರಯೋಗಗಳಲ್ಲಿ ಅವುಗಳ ಬಂಧಬಲ ಎಪಾಕ್ಸಿ ರಾಳಕ್ಕಿಂತ ಕಡಿಮೆ. ಆದರೂ ರೋಗಿಗಳ ಅನುಸರಣಾ ಅಧ್ಯಯನಗಳಲ್ಲಿ ಅವು ಗಣನೀಯವಾಗಿ ಹಿಂದೆ ಬಿದ್ದಿಲ್ಲ. ಮೇಲಾಗಿ, ಮರುಚಿಕಿತ್ಸೆಗಾಗಿ ನಾಳವನ್ನು ಬಿಡಿಸಬೇಕಾದ ವೈದ್ಯನಿಗೆ ಅತಿಯಾದ ಅಂಟು ವರವೇನಲ್ಲ. ಕೆಲವೇ ದಿನಗಳ ಮಾದರಿಗಳನ್ನು ಬಿಟ್ಟು, ತಿಂಗಳುಗಟ್ಟಲೆ ತೇವದಲ್ಲಿಟ್ಟು ಹಳತಾಗಿಸಿದ ಮಾದರಿಗಳನ್ನು ಅಳೆಯುವ ಪ್ರಬಂಧಗಳು ಇನ್ನೂ ವಿರಳ.