‘ವಾಮೋಸ್ ಆ ಲಾ ಪ್ಲಾಯಾ’ ಗೀತದ ಅರ್ಥವಿಚಾರ

1983ನೆಯ ಇಸವಿಯಲ್ಲಿ ಹೊರಬಂದ ‘ವಾಮೋಸ್ ಆ ಲಾ ಪ್ಲಾಯಾ’ ಎಂಬ ಸ್ಪ್ಯಾನಿಷ್ ಗೀತವು ಯೂರೋಪು ಖಂಡದಲ್ಲಿ ಬೇಸಗೆಯ ವಿನೋದಗೀತವೆಂದು ಪ್ರಸಿದ್ಧಿ ಪಡೆಯಿತು. ‘ಕಡಲತಡಿಗೆ ಹೋಗೋಣ’ ಎಂಬುದು ಹೆಸರಿನ ಅರ್ಥ. ಹಾಡಿದವರು ಇಟಲಿಯ ಟುರಿನ್ ನಗರದ ‘ರಿಗೇರಾ’ ಎಂಬ ಇಬ್ಬರ ಮೇಳದವರು. ಅವರಲ್ಲೊಬ್ಬನಾದ ಸ್ಟೆಫಾನೊ ರಿಗಿಯೂ ಕಾರ್ಮೆಲೊ ಲಾ ಬಿಯೊಂಡನೂ ಇದರ ಕರ್ತೃಗಳು. ಲೋಕದ ಕಷ್ಟಕ್ಕೆ ಬೆನ್ನು ತಿರುಗಿಸಿ ಸುಖದ ಕಡೆಗೆ ಓಡುವ ಪಲಾಯನವೃತ್ತಿಯೇ ಈ ಗೀತದ ಸಾರವೆಂದು ಎಣಿಸುವುದು ಸುಲಭ. ಆದರೆ ಆ ಎಣಿಕೆ ಪಲ್ಲವಿಗೆ ಮಾತ್ರ ಸಲ್ಲತಕ್ಕುದು, ಚರಣಗಳಿಗೆ ಸಲ್ಲದು.

ಚರಣಗಳ ವಿಷಯ ಹೀಗಿದೆ: ಬಾಂಬು ಸಿಡಿದಿದೆ, ಅದರ ವಿಕಿರಣವು ಮೈಗೆ ಬಿಸಿಲಿನಂತೆ ಬಣ್ಣವೇರಿಸುತ್ತದೆ, ಆ ಬಣ್ಣವಾದರೋ ನೀಲಿ, ವಿಷಗಾಳಿಯು ಮುಂಗುರುಳನ್ನು ಕೆದರುತ್ತದೆ, ಕಡಲು ಕಟ್ಟಕಡೆಗೆ ಶುಚಿಯಾಗಿದೆ, ನಾರುವ ಮೀನುಗಳಿಲ್ಲ, ನೀರೇ ಹೊಳೆಯುತ್ತಿದೆ. ಸಮುದ್ರವಿಹಾರದ ಒಂದೊಂದು ಸುಖವೂ ಇಲ್ಲಿ ಮೃತ್ಯುವಿನ ಒಂದೊಂದು ಲಕ್ಷಣವಾಗಿ ಮಾರ್ಪಟ್ಟಿದೆ. ಆಲಂಕಾರಿಕರ ಪರಿಭಾಷೆಯಲ್ಲಿ ಇದು ವ್ಯಾಜಸ್ತುತಿ: ಮೇಲೆ ಹೊಗಳಿಕೆ, ಒಳಗೆ ನಿಂದೆ. ಕಡಲು ಶುಚಿಯಾಯಿತೆಂಬ ಮಾತಿನಲ್ಲಿ ಜೀವರಾಶಿಯೆಲ್ಲ ಅಳಿಯಿತೆಂಬ ಅರ್ಥವು ಧ್ವನಿಸುತ್ತದೆ.

ಕಾಲವನ್ನು ನೋಡಿದರೆ ಈ ಅರ್ಥವು ಇನ್ನೂ ದೃಢವಾಗುವುದು. ಪಶ್ಚಿಮ ಯೂರೋಪಿನಲ್ಲಿ ಹೊಸ ಪರಮಾಣು ಕ್ಷಿಪಣಿಗಳನ್ನು ನಿಲ್ಲಿಸಬೇಕೆಂದು ನೇಟೋ ಒಕ್ಕೂಟವು 1979ರ ಡಿಸೆಂಬರಿನಲ್ಲಿ ನಿರ್ಣಯಿಸಿತ್ತು. ಸಿಸಿಲಿ ದ್ವೀಪದ ಕೊಮಿಸೊ ಅದಕ್ಕೆ ಗೊತ್ತಾದ ಎಡೆಗಳಲ್ಲೊಂದು. ಕಲ್ಪನೆಯೂ ಕೇವಲ ಉತ್ಪ್ರೇಕ್ಷೆಯಲ್ಲ. 1966ರ ಜನವರಿ 17ರಂದು ಸ್ಪೆಯಿನಿನ ಪಾಲೊಮಾರೆಸ್ ಗ್ರಾಮದ ಮೇಲೆ ಅಮೆರಿಕದ ವಿಮಾನಗಳೆರಡು ಡಿಕ್ಕಿ ಹೊಡೆದು ನಾಲ್ಕು ಜಲಜನಕ ಬಾಂಬುಗಳು ಬಿದ್ದುವು; ಪರಮಾಣು ಸ್ಫೋಟವಾಗದಿದ್ದರೂ ಎರಡರಿಂದ ಪ್ಲುಟೋನಿಯಂ ನೆಲದ ಮೇಲೆ ಚೆಲ್ಲಿತು. ಭಯವಿಲ್ಲವೆಂದು ತೋರಿಸುವುದಕ್ಕಾಗಿ ಮಂತ್ರಿ ಮನುವೆಲ್ ಫ್ರಾಗಾ ಮಾರ್ಚಿ 8ರಂದು ಅಲ್ಲಿಯ ಕಡಲಿನಲ್ಲಿ ಮಿಂದನು. ಗೀತದಲ್ಲಿ ಆ ಊರಿನ ಹೆಸರಿಲ್ಲ. ಆದರೂ ಗೀತವು ಹಾಸ್ಯವಾಗಿ ಹೇಳುವುದನ್ನು ಆಳುವವರು ಗಂಭೀರವಾಗಿ ಮಾಡಿ ತೋರಿಸಿದ್ದರು.

ಇಷ್ಟಾದರೂ ಕೇಳುವವರು ಅರ್ಥವನ್ನು ಬಿಟ್ಟು ಕುಣಿತವನ್ನು ಮಾತ್ರ ಹಿಡಿದರೆ ಅದಕ್ಕೆ ಕಾರಣವು ರಚನೆಯಲ್ಲಿಯೇ ಇದೆ. ವಾಚ್ಯಾರ್ಥಕ್ಕೆ ಬಾಧೆಯೊದಗಿದಲ್ಲದೆ ಮನಸ್ಸು ವಿಪರೀತಾರ್ಥದ ಕಡೆಗೆ ತಿರುಗದು. ಈ ಗೀತದಲ್ಲಿ ಬಾಧೆಯಿರುವುದು ಚರಣಗಳಲ್ಲಿ. ಮತ್ತೆ ಮತ್ತೆ ಕಿವಿಗೆ ಬೀಳುವ ಪಲ್ಲವಿಯಲ್ಲಿ ಬರಿಯ ಆಹ್ವಾನವಿದೆ. ಸ್ಪ್ಯಾನಿಷ್ ಅರಿಯದವನಿಗೆ ಪಲ್ಲವಿಯೇ ಗೀತವೆಲ್ಲ.

ಹಾಗೆ ಮರೆತು ಕುಣಿಯುವವನೇ ಗೀತದ ನಿಂದೆಗೆ ಗುರಿ, ಆದುದರಿಂದ ಅವನ ಅಜ್ಞಾನವೂ ಗೀತದ ಜಯವೇ ಎಂದು ಸಮರ್ಥಿಸಬಹುದು. ಈ ಸಮರ್ಥನೆ ಚಮತ್ಕಾರವಾಗಿದ್ದರೂ ಒಪ್ಪತಕ್ಕುದಲ್ಲ. ತಿಳಿದೂ ಕಣ್ಮುಚ್ಚುವುದು ಪಲಾಯನ. ತಿಳಿಯದೆ ನಲಿಯುವುದು ಪಲಾಯನವಲ್ಲ. ಚರಣದೊಳಗಿನ ಜನರು ಬಾಂಬು ಸಿಡಿದುದನ್ನು ಬಲ್ಲರು, ಬಲ್ಲವರಾಗಿಯೇ ಕಡಲಿಗೆ ಹೊರಡುತ್ತಾರೆ; ಗೀತದ ತೀಕ್ಷ್ಣತೆಯಿರುವುದು ಅಲ್ಲಿ. ಆದಕಾರಣ ಈ ಗೀತವು ಪಲಾಯನದ ಕಾವ್ಯವಲ್ಲ, ಪಲಾಯನವನ್ನು ಕುರಿತ ಕಾವ್ಯ. ವೇಷವು ಮುಖವನ್ನು ಬಹುಮಟ್ಟಿಗೆ ಮರೆಸಿಬಿಟ್ಟುದೊಂದೇ ಇದರಲ್ಲಿರುವ ದೋಷ.